ಹತ್ತೊಂಬತ್ತನೆಯ ಹಾಳೆ

ಹದಿನೆಂಟನೆಯ ಹಾಳೆ ಮುಗಿದ ಮೇಲೆ ಬೊಮ್ಮಯ್ಯ ಟಾಕನ್ನು ಮೂರು ಸಲ ದೌತಿಯಲ್ಲಿ ಅದ್ದಿದ. ಮೂರು ಸಲವೂ ಶಾಯಿಯನ್ನು ದೌತಿಯ ಅಂಚಿಗೇ ಒರೆಸಿಬಿಟ್ಟ. ಮುಂದಿನ ಹಾಳೆಯನ್ನು ತೆರೆಯಬೇಕಿತ್ತು. ಹಳೆಯ ವರ್ತಮಾನ ಪತ್ರಿಕೆಯ ಮಡಿಕೆಯೊಳಗೆ ಅಡಗಿದ್ದರೂ ಅದು ಅವನಿಗೆ ಕಾಣುತ್ತಲೇ ಇತ್ತು: ವೀಳ್ಯದೆಲೆಯನ್ನು ಕಿರಿದು ಮಾಡಿದಂಥ ಐದು ಎಲೆ, ನೂಲಿನಷ್ಟು ಸಪೂರ ಬಳ್ಳಿ, ಮುರಿದಲ್ಲಿ ಒಸರಿ ಒಣಗಿ ಕಂದಾದ ಹಾಲಿನ ಕಲೆ. ದವಾಖಾನೆಯ ಹಿಂದಿನ ಈ ಕೋಣೆಯಲ್ಲಿ ಕಾರ್ಬಾಲಿಕ್ ವಾಸನೆಯ ಮೇಲೆ ಮೂರು ದಿನಗಳಿಂದ ಒಣಗುತ್ತಿರುವ ಸೊಪ್ಪಿನ ವಾಸನೆ ಹತ್ತಿ ಕೂತಿತ್ತು. ಅದು ಅಗಸೂರಿನ ಅಂಗಳದ ವಾಸನೆ. ನಾಲ್ಕು ವರ್ಷ ಕಾರವಾರದಲ್ಲಿದ್ದು, ಬಾಟಲಿ ತೊಳೆದು, ಚೀಟಿ ಅಂಟಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಆ ವಾಸನೆಯನ್ನು ಮೈಯಿಂದ ಕಳಚಿ ಹಾಕಿದ್ದೇನೆಂದು ಅವನು ತಿಳಿದಿದ್ದ. ಈಗ ನೋಡಿದರೆ ಅದನ್ನು ಡಾಕ್ಟರರೇ ಹಲಗೆಗಳ ನಡುವೆ ಒತ್ತಿ ಕಟ್ಟಿ, ಮೋಟಾರಿನಲ್ಲಿ ಕೂರಿಸಿಕೊಂಡು ತಂದಿದ್ದರು. "ನಿನ್ನ ಅಕ್ಷರ ಮುತ್ತಿನ ಹಾಗೆ, ಬೊಮ್ಮಯ್ಯಾ," ಎಂದಿದ್ದರು ಮಧುಕರರಾಯರು, ಬೆಳಿಗ್ಗೆ ಹಾಳೆಗಳ ಕಟ್ಟನ್ನು ಅವನ ಮುಂದಿಡುತ್ತ. "ಮೇಲೆ ಗಿಡದ ಹೆಸರು, ಅದರ ಕೆಳಗೆ ಊರು, ಆಮೇಲೆ ಯಾವ ರೋಗಕ್ಕೆ, ಹೇಗೆ ಕೊಡೂದು ಅಂತ. ನಾಳೆ ಮುಂಬೈಗೆ ಕಳಿಸಬೇಕು. ಅಲ್ಲಿ ನನ್ನ ಗೆಳೆಯ ಗಿಡಗಳ ಶಾಸ್ತ್ರ ಓದಿದವನು. ನಿನ್ನ ತಾಯಿಯ ವಿದ್ಯೆ ಇನ್ನು ಮೇಲೆ ದೇಶಕ್ಕೆ ಗೊತ್ತಾಗ್ತದೆ." ಡಾಕ್ಟರರ ಓಡುಬರಹದ ಪಟ್ಟಿ ಪಕ್ಕದಲ್ಲಿತ್ತು. ಹತ್ತೊಂಬತ್ತರ ಎದುರಿಗೆ: ಕರುಳಬಳ್ಳಿ. ಹೊಟ್ಟೆನೋವಿಗೆ. ಬೇರು ತೇದು, ಒಂದು ಚಮಚ. ಆ ಮಾತುಗಳಲ್ಲಿ ಒಂದೂ ಅವನ ತಾಯಿಯದಲ್ಲ. ಊರಿನ ಯಾರದೂ ಅಲ್ಲ. ಅಷ್ಟೂ ಬೊಮ್ಮಯ್ಯನವು.

ಹೇಗೆ ಬಂದವು ಅವು ಬಾಯಿಗೆ? ಭಾನುವಾರ ಮೋಟಾರಿನಿಂದ ಇಳಿದಾಗಿನಿಂದಲೇ ಅವನ ಮೈ ಬೆವರುತ್ತಿತ್ತು. ಅಂಗಳದ ತುದಿಯಲ್ಲಿ ತಾಯಿ ನಾಗಿ ನಿಂತಿದ್ದಳು, ಎಂದಿನ ಹಾಗೇ, ಹೆಗಲ ಮೇಲೆ ಗಂಟು ಹಾಕಿದ ಸೀರೆ, ಕುತ್ತಿಗೆಯಿಂದ ಎದೆಯವರೆಗೆ ಕರಿಮಣಿ, ಕೆಂಪುಮಣಿಗಳ ಹೊರೆ, ರವಿಕೆಯಿಲ್ಲದ ತೋಳು. ಊರಿನಲ್ಲಿ ಎಲ್ಲ ಹಾಲಕ್ಕಿ ಹೆಂಗಸರೂ ಹಾಗೇ, ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಆ ದಿನ ಅವನು ಡಾಕ್ಟರರ ಕಣ್ಣಿನಿಂದ ನೋಡಿದ, ನೋಡಿ ತಲೆ ತಗ್ಗಿಸಿದ. ಡಾಕ್ಟರರು ಒಳ್ಳೆಯವರು. ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ ಬಂದವರು, ಖಾದಿಯಲ್ಲದೆ ಬೇರೆ ಉಡುವವರಲ್ಲ. ಕೈಮುಗಿದು "ಅಮ್ಮಾ" ಎಂದು ಕರೆದು, ತಮ್ಮ ಮನೆಯ ಪದ್ಧತಿಯಂತೆ ಒಂದು ತೆಂಗಿನಕಾಯಿಯನ್ನೂ ಒಂದು ರವಿಕೆಯ ಖಣವನ್ನೂ ಅವಳ ಕೈಗಿತ್ತರು. ನಾಗಿ ಖಣವನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. "ಸೊಪ್ಪು ಕಟ್ಟೂಕೆ ಚಲೋ ಅದೆ, ಒಡ್ಯಾ," ಎಂದು ಅದನ್ನೇ ಚೀಲ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳು. ತಂಗಿ ತಿಮ್ಮಿ ಸೆರಗನ್ನು ಬಾಯಿಗೊತ್ತಿ ನಕ್ಕಳು. ಡಾಕ್ಟರರು ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು. ಅವರು ಬೊಮ್ಮಯ್ಯನ ಕಡೆ ನೋಡಿದರು, ಅವನಿಗೆ ಬೇಸರವಾಗಿರಬಹುದೆಂದು ಸಮಾಧಾನ ಹೇಳುವಂತೆ. ಆ ಸಮಾಧಾನ ಅವನನ್ನು ಒಳಗೇ ಸುಟ್ಟಿತು. ಅವ್ವಿಗೆ ಇಷ್ಟೂ ತಿಳಿಯುವುದಿಲ್ಲವೆ? ಅಥವಾ ತಿಳಿದೇ ಮಾಡಿದಳೆ? ಒಡ್ಯಾ ಎನ್ನಬೇಡ, ಸಾಹೇಬರೇ ಅನ್ನು ಎಂದು ಎರಡು ಸಲ ಹೇಳಿ ಕಳಿಸಿದ್ದೆನಲ್ಲ?

ಆಮೇಲೆ ಬೆಟ್ಟದ ಬದಿ, ಗದ್ದೆಯ ಬದು, ಬೇಲಿಯ ಸಂದು. ನಾಗಿ ಒಂದೊಂದು ಗಿಡದ ಮುಂದೆಯೂ ನಿಂತು, ಏನನ್ನೋ ಕೇಳಿಕೊಳ್ಳುವವಳಂತೆ ತುಟಿ ಆಡಿಸಿ, ಆಮೇಲೆ ಮುರಿಯುತ್ತಿದ್ದಳು. ನೆಲನೆಲ್ಲಿ, ಕಾಮಾಲೆಗೆ. ಕೊಡಸನ ತೊಗಟೆ, ಭೇದಿಗೆ. ಆದರೆ ನೆರಳಲ್ಲಿ ಒಣಗಿಸಬೇಕು, ಬಿಸಿಲು ಕಂಡರೆ ಬೇಡ. ಲಕ್ಕಿ ಸೊಪ್ಪು, ಬಾಣಂತಿಯ ಮೈಗೆ. ಡಾಕ್ಟರರು ಬರೆದರು, ಬೊಮ್ಮಯ್ಯ ಹಲಗೆಯ ಬಿಗಿ ಬಿಚ್ಚಿ ಕಟ್ಟಿದ. ಯಾವುದೂ ಅವನಿಗೆ ಗೊತ್ತಿರಲಿಲ್ಲ. ಡಾಕ್ಟರರು ಪ್ರತಿ ಸಲವೂ "ಇದು ನಿನಗೆ ಗೊತ್ತಿದ್ದದ್ದೇ, ಅಲ್ಲವಾ?" ಎನ್ನುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಹತ್ತು ವರ್ಷದವನಿದ್ದಾಗ ಒಮ್ಮೆ ಅವನು ತಾಯಿಯ ಹಿಂದೆ ಹೋಗಿ ಇದು ಯಾವ ಎಲೆ ಎಂದು ಕೇಳಿದ್ದ. "ನೀ ಶಾಲೆಗೆ ಹೋಗು, ತಮಾ. ಇದೆಲ್ಲ ತಿಮ್ಮಿಗೆ," ಎಂದಿದ್ದಳು. ಬೈದು ಹೇಳಿದ್ದಲ್ಲ, ಹೆಮ್ಮೆಯಿಂದ. ಅಂದಿನಿಂದ ತಿಮ್ಮಿ ಬೆಟ್ಟಕ್ಕೆ ಹೋದಳು. ಅವನು ಪಾಟಿ ಹಿಡಿದು, ಒಡೆಯರ ಮಕ್ಕಳಿಂದ ದೂರ, ಜಗಲಿಯ ಕೊನೆಯಲ್ಲಿ ಕೂತು ಅಕ್ಷರ ತಿದ್ದಿದ. ಹತ್ತೊಂಬತ್ತನೆಯ ಗಿಡ ಬೇಲಿಯಲ್ಲಿತ್ತು. ಡಾಕ್ಟರರೇ ಕಂಡು, ಎಳೆದು ತಂದು, ನಾಗಿಯ ಮುಂದೆ ಹಿಡಿದರು. ನಾಗಿ ಎಲೆ ಮುರಿದಳು, ಹಾಲು ನೋಡಿದಳು, ಮೂಸಿದಳು. ಸುಮ್ಮನಾದಳು. "ಇದಕ್ಕೆ ಏನಂತೀರಮ್ಮಾ?" ಸುಮ್ಮನೆ. "ಯಾವುದಕ್ಕೆ ಬರ್ತದೆ?" ಸುಮ್ಮನೆ, ದೃಷ್ಟಿ ಆಚೆ ಗದ್ದೆಯ ಮೇಲೆ. ಡಾಕ್ಟರರ ಮುಖದಲ್ಲಿ ಬಿಸಿಲಿನ ಆಯಾಸ ಕಂಡಿತು. "ಅಷ್ಟು ದೂರದಿಂದ ಬಂದಿದ್ದೇವೆ, ಬೊಮ್ಮಯ್ಯಾ. ಕದ್ದುಕೊಂಡು ಹೋಗೂಕೆ ಬಂದವರಲ್ಲ. ನಿನ್ನ ತಾಯಿ ಯಾಕೆ ಹೇಳೂದಿಲ್ಲ?" ಆ ಕ್ಷಣದಲ್ಲಿ ತಾಯಿಯ ಮಣಿಗಳು, ಖಣ, ಒಡ್ಯಾ, ತಿಮ್ಮಿಯ ನಗು ಎಲ್ಲ ಸೇರಿ ಅವನ ಗಂಟಲಿಗೆ ಬಂದವು. ಅವನ ಬಾಯಿಂದ ಹೊರಬಿದ್ದದ್ದು ಮಾತ್ರ ಬೇರೆ: "ಅದು ಕರುಳಬಳ್ಳಿ, ಸಾಹೇಬ್ರೆ. ಹೊಟ್ಟೆನೋವಿಗೆ. ಬೇರು ತೇದು ಕೊಡೂದು." ಎಷ್ಟು ಸಲೀಸಾಗಿ ಬಂತು! ಹೆಸರು ಎಷ್ಟು ನಿಜವಾಗಿ ಕೇಳಿಸಿತು! ನಾಗಿ ತಿರುಗಿ ಮಗನನ್ನು ನೋಡಿದಳು. ಸಿಟ್ಟಲ್ಲ, ನಗೆಯಲ್ಲ. ಏನೆಂದು ಅವನಿಗೆ ಈ ಮೂರು ದಿನಗಳಲ್ಲಿ ಹೊಳೆದಿರಲಿಲ್ಲ. ಡಾಕ್ಟರರು ಗುದ್ದಲಿ ಕೇಳಿ, ಬೇರನ್ನೂ ಅಗೆಸಿಕೊಂಡಿದ್ದರು.

"ಬೊಮ್ಮಯ್ಯಾ, ಒಂದು ಸಣ್ಣ ಬಾಟಲಿ ಕೊಡು," ಎಂದು ಮುಂದಿನ ಕೋಣೆಯಿಂದ ಡಾಕ್ಟರರ ದನಿ ಬಂತು. ಅವನು ತೊಳೆದಿಟ್ಟ ಬಾಟಲಿ ಹಿಡಿದು ಹೋದ. ಬೆಂಚಿನ ಮೇಲೆ ಕಿನ್ನರ ಹಳ್ಳಿಯ ಗಂಗೂ ಕೂತಿದ್ದಳು. ನಲವತ್ತರ ಆಚೀಚಿನ, ಪರರ ಗದ್ದೆಗಳಲ್ಲಿ ಕೂಲಿ ಮಾಡುವ ಹೆಂಗಸು. ಮೂರು ತಿಂಗಳಿಂದ ಹೊಟ್ಟೆನೋವೆಂದು ಬರುತ್ತಿದ್ದಳು. ಬರುಬರುತ್ತ ಅವಳ ಕೆನ್ನೆಯ ಎಲುಬು ಮುಂದೆ ಬಂದಿತ್ತು. ಡಾಕ್ಟರರ ಮೇಜಿನ ಮೇಲೆ ಸಾಣೆಕಲ್ಲು, ಅದರ ಮೇಲೆ ತೇದ ಬೇರಿನ ಬೂದುಬಣ್ಣದ ಗಂಧ. ನೀರು ಬೆರೆಸಿ ಬಾಟಲಿಗೆ ಹೊಯ್ಯುತ್ತ ಅವರು ಗಂಗೂಗೆ ಕೊಂಕಣಿಯಲ್ಲಿ ತಿಳಿಹೇಳುತ್ತಿದ್ದರು: ಇವತ್ತು ಸಂಜೆ ಒಂದು ಚಮಚ, ನಾಳೆ ಒಂದು, ನಾಡಿದ್ದು ಒಂದು, ವಿಲಾಯತಿ ಮದ್ದಿನಿಂದ ಆಗದ್ದು ನಮ್ಮ ನೆಲದ ಬೇರಿನಿಂದ ಆಗುತ್ತದೆ. ಗಂಗೂ ಬಾಟಲಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಬೊಮ್ಮಯ್ಯನಿಗೆ ಆಗ ಒಂದೇ ಒಂದು ಸಂಗತಿ ನೆನಪಾಯಿತು, ಯಾರೂ ಹೇಳಿಕೊಡದೆ ಅವನು ತಾನಾಗಿ ಬಲ್ಲ ಒಂದೇ ಸಂಗತಿ. ಶಾಲೆಗೆ ಹೋಗುವ ಮೊದಲು ಅವನು ಆಡು ಕಾಯುತ್ತಿದ್ದ. ಆ ಬೇಲಿಯಲ್ಲಿ ಆಡುಗಳು ಮುಳ್ಳನ್ನೂ ಬಿಡುತ್ತಿರಲಿಲ್ಲ. ಆ ಬಳ್ಳಿಯೊಂದನ್ನು ಮಾತ್ರ ಮೂಸಿ, ಮೂಗು ಕೊಡವಿ, ಬಿಟ್ಟು ಹೋಗುತ್ತಿದ್ದವು.

ಗಂಗೂ ಮೆಟ್ಟಿಲಿಳಿದು ಹೋದಳು. ಹೇಳಬೇಕು, ಹೇಳಿದರೆ? ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಒಬ್ಬ ಬೊಮ್ಮಯ್ಯ ಇದ್ದ, ಅಕ್ಷರ ಬಲ್ಲವ, ನಂಬಿಕೆಯವ, "ನಿಮ್ಮವರಲ್ಲೆಲ್ಲ ನಿನ್ನ ಹಾಗಿನವ ಇಲ್ಲ" ಎನಿಸಿಕೊಂಡವ. ಆ ಹೊಗಳಿಕೆಯಲ್ಲಿ ತನ್ನವರಿಗೆಲ್ಲ ಬಿದ್ದ ಏಟು ಇದೆಯೆಂದು ತಿಳಿದೂ ಅವನು ಅದನ್ನು ರಾತ್ರಿ ಹಾಸಿಗೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಮಲಗುತ್ತಿದ್ದ. ಡಾಕ್ಟರರು ಸಾಣೆಕಲ್ಲನ್ನು ಅವನ ಕಡೆ ಸರಿಸಿದರು, ತೊಳೆಯಲೆಂದು. ಅವನು ಅದನ್ನು ಮುಟ್ಟಲಿಲ್ಲ.

"ಸಾಹೇಬ್ರೆ, ಆ ಹತ್ತೊಂಬತ್ತನೇದು ಸುಳ್ಳು."

"ಯಾವುದು ಸುಳ್ಳು?"

"ಹೆಸ್ರು, ಮದ್ದು, ಎಲ್ಲಾ. ಅವ್ವಿ ಹೇಳ್ಲಿಲ್ಲ. ನಾನೇ ಬಾಯಿಗೆ ಬಂದದ್ದು ಹೇಳ್ದೆ. ಆಡು ಸೈತ ಅದ್ನ ಮುಟ್ಟೂದಿಲ್ಲ. ಆ ಬಾಟ್ಲಿ ತಿರುಗಿ ತರ್ಸಿ, ನಿಮ್ಮ ಕಾಲಿಗೆ ಬೀಳ್ತೆ."

ಮಧುಕರರಾಯರು ಕನ್ನಡಕ ತೆಗೆದು, ಧೋತರದ ತುದಿಯಿಂದ ಒರೆಸುತ್ತ, ಅವನನ್ನು ನೋಡಿದರು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಹೊರಗೆ ಹಾಕಿಸಿಕೊಳ್ಳಲಿಕ್ಕೂ. ಡಾಕ್ಟರರು ಮುಗುಳ್ನಕ್ಕರು. "ತಾಯಿ ಬೈದು ಹೇಳಿ ಕಳಿಸಿದಳೋ?"

"ಇಲ್ರೀ, ಅವ್ವಿಗೆ ಇದೇನೂ—"

"ಹೆದರಬೇಡ. ಹೊರಗಿನವರಿಗೆ ಹೇಳಿದರೆ ಮದ್ದಿನ ಗುಣ ಹೋಗ್ತದೆ ಅಂತ ನಿಮ್ಮವರ ನಂಬಿಕೆ. ನನಗೆ ಗೊತ್ತಿದ್ದದ್ದೇ. ಹದಿನೆಂಟು ಗಿಡ ಪಟಪಟ ಹೇಳಿದವಳು ಇದೊಂದಕ್ಕೆ ಬಾಯಿ ಮುಚ್ಚಿದಳಲ್ಲ, ಆಗಲೇ ನನಗೆ ಅನಿಸಿತು, ಇದರಲ್ಲೇ ಏನೋ ಇದೆ ಅಂತ. ನೀನು ಧೈರ್ಯ ಮಾಡಿ ಹೇಳಿದೆ. ಈಗ ಹೆದರಿ ಇಲ್ಲ ಅಂತೀಯಾ. ನಾನೇ ನಿನ್ನೆ ಕಾಲು ಚಮಚ ಕುಡಿದೆ, ಮಾರಾಯಾ. ಏನಾಯ್ತು? ಬಾಯಿ ಕಹಿಯಾಯ್ತು, ಅಷ್ಟೇ." ಅವರು ಪಟ್ಟಿಯನ್ನು ತರಿಸಿಕೊಂಡು ಹತ್ತೊಂಬತ್ತರ ಪಕ್ಕದಲ್ಲಿ ಏನೋ ಸೇರಿಸಿ, ಖುಷಿಯಿಂದ ಓದಿ ಹೇಳಿದರು: "ಗುಟ್ಟಿನ ಮದ್ದು. ಹೇಳಿದವನು ಆಮೇಲೆ ಹೆದರಿ ಅಲ್ಲಗಳೆದನು. ಇದನ್ನೂ ಬರಿ, ಚಂದ ಅಕ್ಷರದಲ್ಲಿ." ಬೊಮ್ಮಯ್ಯನಿಗೆ ಕೂಗಬೇಕೆನಿಸಿತು. ಜೀವಮಾನದಲ್ಲಿ ಈ ಮನುಷ್ಯನ ಮುಂದೆ ಮೊದಲ ಸಲ ನಿಜ ಹೇಳಿದ್ದ. ಆ ನಿಜವನ್ನು ಅವರು ಮಡಿಸಿ, ಹಲಗೆಯ ನಡುವೆ ಇಟ್ಟು, ಚಪ್ಪಟೆ ಮಾಡಿಬಿಟ್ಟಿದ್ದರು. ಗೋಡೆಯಾಗಿದ್ದರೆ ತಲೆ ಹೊಡೆದುಕೊಳ್ಳಬಹುದಿತ್ತು, ಇದು ಪ್ರೀತಿ. ಅವನು ಹಿಂದಿನ ಕೋಣೆಗೆ ಹೋದ, ಟಾಕು ಹಿಡಿದ, ಕೆಳಗಿಟ್ಟ, ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಕಿನ್ನರದವರು ದೋಣಿ ಹತ್ತುವುದು ಕೋಡಿಬಾಗದಲ್ಲಿ. ಓಡಿದರೆ ಜನ ನೋಡುತ್ತಾರೆಂದು ಪೇಟೆಯಲ್ಲಿ ಬಿರಬಿರನೆ ನಡೆದ, ಪೇಟೆ ದಾಟಿದ ಮೇಲೆ ಓಡಿದ. ಓಡುತ್ತ ಅವನಿಗೆ ಸಿಟ್ಟು ಬಂದದ್ದು ಡಾಕ್ಟರರ ಮೇಲಲ್ಲ, ತಾಯಿಯ ಮೇಲೆ. ಒಂದು ಮಾತು ಹೇಳಿದ್ದರೆ? ಅಲ್ಲಿಯೇ, ಎಲ್ಲರೆದುರು, ಇವ ಸುಳ್ಳಾಡ್ತಾನೆ ಎಂದಿದ್ದರೆ? ಅವಮಾನವಾಗುತ್ತಿತ್ತು, ಮುಗಿದುಹೋಗುತ್ತಿತ್ತು. ಅವಳ ಆ ಮೌನ ಮನೆಯಲ್ಲೆಲ್ಲ ತುಂಬಿದ್ದ ಮೌನ. ಅದರೊಳಗೆ ಏನಿದೆಯೆಂದು ಅವಳೂ ತಿಮ್ಮಿಯೂ ಮಾತ್ರ ಬಲ್ಲರು. ಅವನಿಗೆ ಬಾಗಿಲು ತೆರೆದಿರಲಿಲ್ಲ. ಕಾಳಿ ನದಿಯ ದಂಡೆಯಲ್ಲಿ ಗಂಗೂ ಮಗುಚಿ ಹಾಕಿದ ದೋಣಿಯ ನೆರಳಿಗೆ ಹೊಟ್ಟೆ ಅವುಚಿಕೊಂಡು ಕೂತಿದ್ದಳು. ಭರತದ ನೀರು ಇನ್ನೂ ಏರಬೇಕಿತ್ತು. ಬಾಟಲಿ ಮಡಿಲಲ್ಲಿತ್ತು.

"ಗಂಗಕ್ಕಾ, ಆ ಬಾಟ್ಲಿ ಕೊಡಿ. ಅದು ಕುಡೀಬಾರ್ದು."

"ಎಂತಕ್ಕೆ?"

"ಅದು ಮದ್ದಲ್ಲ. ಆ ಬೇರು ಒಳ್ಳೇದಲ್ಲ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀ ಬಾಟ್ಲಿ ತೊಳೂವವ ಅಲ್ವನಾ? ದಾಕ್ತರ್ ಬಾಬಗಿಂತ ನಿಂಗೆ ಹೆಚ್ಚು ಗೊತ್ತದ್ಯಾ?" ಎಂದು ಮಡಿಲನ್ನು ಇನ್ನಷ್ಟು ಬಿಗಿಹಿಡಿದಳು. ದೋಣಿಯವನು ಕುತೂಹಲದಿಂದ ಈಚೆ ತಿರುಗಿದ. ಬೊಮ್ಮಯ್ಯನಿಗೆ ಏದುಸಿರು. ನಿಜಕ್ಕೆ ಈ ಊರಿನಲ್ಲಿ ಕೊಳ್ಳುವವರಿಲ್ಲ. ಅವನು ದನಿ ತಗ್ಗಿಸಿ, ಮುಖ ಗಂಭೀರ ಮಾಡಿಕೊಂಡು, ಡಾಕ್ಟರರ ಧಾಟಿಯಲ್ಲೇ ಹೇಳಿದ: "ಡಾಕ್ಟ್ರೇ ಕಳ್ಸಿದ್ದು. ಬಾಟ್ಲಿ ಅದಲುಬದಲಾಯ್ತು. ಅದು ಮೈಗೆ ಹಚ್ಚೂ ಎಣ್ಣೆದು. ಬೇರೆ ಮದ್ದು ಮಾಡಿ ಕೊಡ್ತಾರಂತೆ." ಗಂಗೂ ಒಡನೆಯೇ ಬಾಟಲಿ ತೆಗೆದು ಕೊಟ್ಟಳು. ಅವನು ಬೂಚು ತೆಗೆದು ಉಸುಕಿನ ಮೇಲೆ ಚೆಲ್ಲಿದ. ಗೆದ್ದೆನೆನಿಸಲಿಲ್ಲ, ಬಾಯಿಯಲ್ಲಿ ಕಹಿ, ಕುಡಿದವನೇ ತಾನು ಎಂಬಂತೆ.

"ಅಷ್ಟನ್ನಕ ನಾ ಎಂತ ಮಾಡೂದು?" ಎಂದಳು ಗಂಗೂ. ಅವಳ ದನಿ ಈಗ ಮೆತ್ತಗಾಗಿತ್ತು. "ರಾತ್ರಿಗೆ ನೋವು ಹೆಚ್ತದೆ, ಬಾಬಾ. ನೀ ಯಾವೂರವ?"

"ಅಗಸೂರು."

"ಹಾಲಕ್ಕಿಯವ್ನಾ?" ಅವಳ ಮುಖ ಅರಳಿತು. "ಹಂಗಾರೆ ನಿಮ್ಮವರಿಗೆ ಎಲ್ಲ ಸೊಪ್ಪು ಗೊತ್ತಿರ್ತದಲ್ಲ! ಎಂತಾದ್ರೂ ಒಂದು ಹೇಳು. ನಾ ದಂಡೆ ಬದಿಯೇ ಕಿತ್ಕಂಡು ಹೋಗ್ತೆ."

ಅವನು ದಂಡೆಯ ಕಡೆ ನೋಡಿದ. ಹಸಿರಿತ್ತು, ಎಷ್ಟೊಂದು ಹಸಿರಿತ್ತು. ಗಿಡ, ಬಳ್ಳಿ, ಹುಲ್ಲು, ಎಲ್ಲ ಒಂದೇ ಹಸಿರಾಗಿ, ಓದು ಬಾರದವನ ಮುಂದೆ ಬಿಡಿಸಿಟ್ಟ ಪುಸ್ತಕದ ಹಾಗೆ. ಒಂದು ಹೆಸರು ಹೇಳಿದ್ದರೆ ಅವಳು ಕಿತ್ತುಕೊಂಡು ಹೋಗುತ್ತಿದ್ದಳು. ಅವನ ನಾಲಗೆಗೆ ಹೆಸರು ಕಟ್ಟುವುದು ಬರುತ್ತಿತ್ತು. "ನಂಗೆ ಗೊತ್ತಿಲ್ಲ, ಅಕ್ಕಾ," ಎಂದ. "ಒಂದೂ ಗೊತ್ತಿಲ್ಲ. ನಮ್ಮ ಅವ್ವಿಗೆ ಗೊತ್ತು. ಅವಳ್ನ ಕರ್ಕಂಡು ಬತ್ತೆ." ಗಂಗೂ ನಂಬಿದಳೋ ಇಲ್ಲವೋ. ಭರತ ಏರಿತು, ಅವಳನ್ನು ಇಬ್ಬರು ಹಿಡಿದು ದೋಣಿಗೆ ಹತ್ತಿಸಿದರು.

ಮರುದಿನ ದವಾಖಾನೆಗೆ ಹೋಗದೆ, ಹೇಳಿಯೂ ಕಳಿಸದೆ, ಬೆಳಗಿನ ಮೋಟಾರಿಗೆ ಅಂಕೋಲೆಗೆ ಬಂದು, ಅಲ್ಲಿಂದ ಹುಬ್ಬಳ್ಳಿ ರಸ್ತೆಯ ಮೋಟಾರು ಹಿಡಿದು ಅಗಸೂರಿನಲ್ಲಿ ಇಳಿದ. ದಾರಿಯುದ್ದಕ್ಕೂ ಅವನು ತಾಯಿಗೆ ಹೇಳಬೇಕಾದ ಮಾತನ್ನು ಕಟ್ಟಿದ್ದ. ಅದರಲ್ಲಿ ಅರ್ಧ ತಪ್ಪೊಪ್ಪಿಗೆ, ಅರ್ಧ ಆರೋಪ. ನಾಗಿ ಅಂಗಳದಲ್ಲಿ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದಳು. ಮಗನನ್ನು ಕಂಡು ಒನಕೆ ಗೋಡೆಗೆ ಆನಿಸಿ, ಮಣಿಸರವನ್ನು ಬೆನ್ನಿಗೆ ಸರಿಸಿಕೊಂಡಳು. ಅವನು ನೀರು ಸಹ ಕುಡಿಯದೆ ಕೇಳಿದ: "ಭಾನ್ವಾರ ಆ ಬಳ್ಳಿ ಎಂತದು ಅಂತ ಯಾಕೆ ಹೇಳ್ಲಿಲ್ಲ ನೀನು?"

"ಯಾವ ಬಳ್ಳಿ?"

"ಬೇಲಿದು. ಒಡ್ಯ ಕಿತ್ಕಂಡು ತಂದದ್ದು. ನೀ ಗುಟ್ಟು ಮಾಡ್ದೆ, ನಂಗೆ ಮರ್ಯಾದೆ ಹೋಯ್ತು."

"ಗುಟ್ಟು ಎಂತದಾ?" ನಾಗಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಗೊತ್ತಿದ್ದದ್ದು ಕೇಳ್ದ, ಹೇಳ್ದೆ. ಅದು ಗೊತ್ತಿಲ್ಲ, ಸುಮ್ಮನಾದೆ. ಸುಮ್ಮನಾದ್ರೆ ಗೊತ್ತಿಲ್ಲ ಅಂತ ಅಲ್ವನಾ? ನಿಮ್ಮ ಒಡ್ಯಂಗೆ ಅಷ್ಟೂ ತಿಳೀದಿಲ್ವಾ?"

"ನಾ ಹೇಳ್ದಾಗ ನೀ ಯಾಕೆ ಅಲ್ಲ ಅನ್ಲಿಲ್ಲ?"

"ನಾ ಹೆಂಗೆ ಅಲ್ಲ ಅನ್ನೂದು, ತಮಾ? ನೀ ಶಾಲೆಲಿ ಕಲ್ತಿರ್ಬೇಕು ಅಂದ್ಕಂಡೆ." ಅವಳು ಮುಖ ತಿರುಗಿಸಿ ಮನೆಯ ಹಿಂದಿನ ಮೂಲೆ ತೋರಿಸಿದಳು. "ಇಷ್ಟು ವರ್ಷ ಕಾಲಡಿಗೆ ಇತ್ತು, ನಂಗೆ ಗೊತ್ತಾಗ್ಲಿಲ್ಲ, ನನ್ನ ಮಗ ಓದಿ ಬಂದು ಹೇಳ್ದ ಅಂತ ತಿಮ್ಮಿ ಕೈಲಿ ಒಂದು ಬುಡ ನೆಡ್ಸಿದ್ದೆ. ಮೊನ್ನೆ ಬಂದವರಿಗೂ ಹೇಳ್ದೆ, ಹೊಟ್ಟೆನೋವಿಗೆ ನಮ್ಮನೇಲಿ ಹೊಸ ಬೇರು ಅದೆ ಅಂತ."

ಬೊಮ್ಮಯ್ಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಕಟ್ಟಿಕೊಂಡು ಬಂದ ಮಾತುಗಳೆಲ್ಲ ಉದುರಿಹೋದವು. ಅವಳ ಆ ನೋಟ! ಮೂರು ದಿನ ಅದನ್ನು ಹಿಡಿದು ಹಿಂಡಿ, ಅದರಲ್ಲಿ ತಿರಸ್ಕಾರ ಹುಡುಕಿದ್ದ, ಕನಿಕರ ಹುಡುಕಿದ್ದ, ಅಲ್ಲಿದ್ದದ್ದು ಹೆಮ್ಮೆ. ಕಾರವಾರದ ಡಾಕ್ಟರರನ್ನು ಮೋಸಗೊಳಿಸಿದ್ದನ್ನು ಅವನು ಹೇಗೋ ತಡೆದುಕೊಳ್ಳಬಲ್ಲ. ಇವಳು ಕೂಡ ನಂಬಿದ್ದಳು. ಅವನು ತಲೆಯೆತ್ತದೆ ಎಲ್ಲ ಹೇಳಿದ: ಖಣ ಕಂಡಾಗಿನ ನಾಚಿಕೆ, ಹೆಸರು ಹುಟ್ಟಿದ್ದು, ಬಾಟಲಿ, ಕೋಡಿಬಾಗದ ದಂಡೆ. ನಾಚಿಕೆಯ ಮಾತು ಬಂದಾಗ ನಾಗಿಯ ಕೈ ತಾನಾಗಿ ಮಣಿಗಳ ಮೇಲೆ ಹೋಯಿತು, ಅಲ್ಲೇ ನಿಂತಿತು. ಅವನು ಮಾತು ಮುಗಿಸಿದ ಮೇಲೆ ಅವಳು ಹಿಂದಿನ ಮೂಲೆಗೆ ಹೋಗಿ, ಬಳ್ಳಿಯನ್ನು ಬುಡಸಮೇತ ಕಿತ್ತು, ದನಗಂಟಿಯ ಬಾಯಿಗೆ ಸಿಗದ ಹಾಗೆ ಗುಂಡಿ ತೋಡಿ ಹುಗಿದು, ಕೈ ತೊಳೆದು ಬಂದಳು. ತಿಮ್ಮಿಯನ್ನು ಕರೆದು, ಹೊಸ ಬೇರಿನ ಸುದ್ದಿ ಕೇಳಿದವರ ಮನೆಗೆ ಈಗಲೇ ಹೋಗಿ ಬೇಡವೆಂದು ಹೇಳಿ ಬರಬೇಕೆಂದಳು. "ಯಾರು ಹೇಳ್ದದ್ದು ಅಂತ ಕೇಳ್ದ್ರೆ?" ಎಂದಳು ತಿಮ್ಮಿ, ಅಣ್ಣನ ಕಡೆ ನೋಡದೆ. "ನಾ ತಪ್ಪಿದೆ ಅನ್ನು," ಎಂದಳು ನಾಗಿ. ಆಮೇಲೆ ಸೀರೆಯ ಗಂಟು ಬಿಗಿಮಾಡಿಕೊಂಡು ಅಂಗಳ ದಾಟಿದಳು. "ನಡಿ. ಆ ಹೆಂಗ್ಸು ಇರೂದು ಎಲ್ಲಿ?"

ಶುಕ್ರವಾರ ಬೆಳಿಗ್ಗೆ ಕಿನ್ನರದಲ್ಲಿ ಗಂಗೂ ಮಲಗಿದ್ದ ಕೋಣೆಯಲ್ಲಿ ನಾಗಿ ಬಹಳ ಹೊತ್ತು ಕೂತಳು. ಅವಳ ಬೆರಳುಗಳು ಹೊಟ್ಟೆಯ ಮೇಲೆ ನಿಧಾನ ನಡೆದವು, ಒಂದು ಕಡೆ ನಿಂತವು, ಹಿಂದೆ ಬಂದವು, ಮತ್ತೆ ಅಲ್ಲೇ ನಿಂತವು. ಬೊಮ್ಮಯ್ಯ ಬಾಗಿಲಲ್ಲಿ ನಿಂತು ಕಾದ. ಈಗ ಒಂದು ಎಲೆಯ ಹೆಸರು ಬರುತ್ತದೆ. ಬಂದರೆ ಎಲ್ಲ ಸರಿಹೋಗುತ್ತದೆ. ಅವ್ವಿ ಗೆಲ್ಲುತ್ತಾಳೆ, ಡಾಕ್ಟರರು ಸೋಲುತ್ತಾರೆ, ತಾನು ನಡುವಿನಲ್ಲಿ ಎಲ್ಲೋ ಉಳಿಯುತ್ತೇನೆ. ನಾಗಿ ಎದ್ದು ಹೊರಗೆ ಬಂದಳು. "ಒಳಗೆ ಗಡ್ಡೆ ಅದೆ, ತಮಾ. ಇದು ಸೊಪ್ಪಿಂದ ಹೋಗೂದಲ್ಲ. ನನ್ನ ಕೈದಲ್ಲ. ನಿನ್ನ ಒಡ್ಯನ ಹತ್ರವೇ ಕರ್ಕಂಡು ಹೋಗೂದು."

ಹಾಗಾಗಿ ಅವನು ಆ ದಿನ ಕಾರವಾರದ ಪೇಟೆಯ ನಡುವೆ, ಹಾಡುಹಗಲಲ್ಲಿ, ಎತ್ತಿನ ಗಾಡಿಯಲ್ಲಿ ಮಲಗಿದ ಗಂಗೂವಿನ ಒಂದು ಬದಿಗೆ ತಾನು, ಇನ್ನೊಂದು ಬದಿಗೆ ಮಣಿಗಳ ಹೊರೆ ಹೊತ್ತ ತಾಯಿ, ಹೀಗೆ ನಡೆದ. ಅಂಗಡಿಗಳವರು ನೋಡಿದರು. ಯಾರೋ ಏನೋ ಅಂದು ನಕ್ಕರು. ಅವನಿಗೆ ಈಗಲೂ ನಾಚಿಕೆಯಾಯಿತು. ಇಷ್ಟೆಲ್ಲ ಆದ ಮೇಲೆಯೂ ನಾಚಿಕೆಯಾಯಿತಲ್ಲ ಎಂದು ಹಲ್ಲು ಕಚ್ಚಿದ. ಮಧುಕರರಾಯರು ಎರಡು ದಿನ ಕಾಣೆಯಾಗಿದ್ದ ಅವನನ್ನು ಕಂಡು ಏನೋ ಹೇಳಹೊರಟವರು ಗಂಗೂವಿನ ಮುಖ ನೋಡಿ ನಿಲ್ಲಿಸಿದರು. ನಾಗಿ ಹೇಳಿದ ಕಡೆಯೇ ಒತ್ತಿ ನೋಡಿದರು. ಅವರ ಕಿವಿ ಕೆಂಪಾಯಿತು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ತಾವೇ ಗಾಡಿಯವನಿಗೆ ದಾರಿ ಹೇಳಿ, ದೋಣಿಯಲ್ಲಿ ಅವಳೊಡನೆ ಬಂದಿದ್ದ ಅವಳ ಅಣ್ಣನನ್ನು ಜೊತೆಮಾಡಿ ಕಳಿಸಿದರು. ಅವಳು ಬದುಕುತ್ತಾಳೆಯೇ ಎಂದು ಬೊಮ್ಮಯ್ಯ ಕೇಳಿದ್ದಕ್ಕೆ, "ಒಂದು ತಿಂಗಳು ಮೊದಲು ಬಂದಿದ್ದರೆ," ಎಂದು ಶುರುಮಾಡಿ, ಮೂರು ತಿಂಗಳಿಂದ ಅವಳು ತಮ್ಮ ಬಳಿಗೇ ಬರುತ್ತಿದ್ದುದು ನೆನಪಾಗಿ, ಮೇಜಿನ ಮೇಲಿನ ಸಾಣೆಕಲ್ಲನ್ನು ತಾವೇ ಎತ್ತಿ ಕೆಳಗಿಟ್ಟರು.

ಬಾಗಿಲ ಹೊರಗೆ ನಿಂತಿದ್ದ ನಾಗಿ ಆಗ ಮಾತಾಡಿದಳು, ಯಾರೂ ಕೇಳದೆ. "ಒಡ್ಯಾ, ಆ ಬೇಲಿಯ ಬಳ್ಳಿ ನಂಗೆ ಗೊತ್ತಿಲ್ಲ. ನನ್ನ ಮಗಂಗೂ ಗೊತ್ತಿಲ್ಲ. ಬರ್ದದ್ದು ಅಳ್ಸಿಬಿಡಿ."

ಡಾಕ್ಟರರು ತಾಯಿಯನ್ನೂ ಮಗನನ್ನೂ ನೋಡಿದರು. ಈ ಸಲ ಮುಗುಳ್ನಗಲಿಲ್ಲ. "ಕಟ್ಟು ನಿನ್ನೆಯೇ ಟಪಾಲಿಗೆ ಹೋಯ್ತು," ಎಂದರು. "ಹತ್ತೊಂಬತ್ತನೇದನ್ನು ನಾನೇ ಬರೆದು ಹಾಕಿದೆ, ಇವನು ಬರಲಿಲ್ಲವಲ್ಲ." ಪತ್ರ ಬರೆದು ತಿಳಿಸುತ್ತೇನೆಂದರು. ಬರೆಯುವರೆಂದು ಅವರ ದನಿಯಲ್ಲಿ ಇರಲಿಲ್ಲ; ಬರೆಯಲಾರರೆಂದೂ ಇರಲಿಲ್ಲ. ಮೇಜಿನ ಮೇಲಿನ ಕಾಗದಗಳನ್ನು ಅತ್ತಿತ್ತ ಸರಿಸುತ್ತ, ಅವನ ಕಡೆ ನೋಡದೆ, "ಸೋಮವಾರ ಬಾ," ಎಂದರು. ಅವನು ಹೊರಗೆ ಬಂದು ತಾಯಿಯ ಪಕ್ಕದಲ್ಲಿ ನಿಂತ. ಮುಂಬೈಯಲ್ಲಿ, ಅವನು ಎಂದೂ ಕಾಣದ ಒಂದು ಕೋಣೆಯಲ್ಲಿ, ಯಾರೋ ಆ ಮಡಿಕೆ ಬಿಚ್ಚಿ ಕರುಳಬಳ್ಳಿ ಎಂದು ಗಟ್ಟಿಯಾಗಿ ಓದುವರು. ಹೆಸರಿನ ಚಂದಕ್ಕೆ ತಲೆದೂಗುವರು.

ಮಧ್ಯಾಹ್ನದ ಮೋಟಾರಿನಲ್ಲಿ ಅವರಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ನಾಗಿ ಕಿಟಕಿಯ ಬದಿಗೆ. ಬಿಣಗಾ ದಾಟಿ ಘಟ್ಟದ ತಿರುವುಗಳು ಶುರುವಾದ ಮೇಲೆ ಅವನು ಹೇಳಿದ: "ನಂಗೂ ಹೇಳ್ಕೊಡು, ಅವ್ವಿ." ಅವಳು ಅವನ ಕಡೆ ತಿರುಗಲಿಲ್ಲ. ಕಿಟಕಿಯ ಹೊರಗೆ ಕೈ ತೋರಿಸಿ, "ಅಕಾ, ಅದು ಈಶ್ವರಿ ಬಳ್ಳಿ. ಹಾವು ಕಚ್ಚಿದ್ದಕ್ಕೆ," ಎಂದಳು. ಅವನು ಅವಳ ಭುಜದ ಮೇಲಿಂದ ಬಗ್ಗಿ ನೋಡುವಷ್ಟರಲ್ಲಿ ಬಂಡೆ ಬಂತು. "ಯಾವ್ದು?" "ಹೋಯ್ತು. ಅಲ್ಲಿ, ಆ ಕೆಂಪು ಚಿಗುರಿಂದು, ಅದು ಉಬ್ಬಸಕ್ಕೆ." ಕೆಂಪು ಚಿಗುರು ಅಲ್ಲಿ ಹತ್ತು ಗಿಡಕ್ಕಿತ್ತು. ಮೋಟಾರು ಇಳಿಜಾರಿನಲ್ಲಿ ವೇಗ ಹಿಡಿದಿತ್ತು. "ಯಾವ್ದು, ಅವ್ವಿ? ಎತ್ತರದ್ದಾ, ಗಿಡ್ಡದ್ದಾ?" ಅವಳು ಅದಕ್ಕೆ ಉತ್ತರಿಸದೆ ಮುಂದಿನದನ್ನು ಹೇಳಿದಳು, ಅದರ ಮುಂದಿನದನ್ನು ಹೇಳಿದಳು, ಬೆರಳು ತೋರಿಸುತ್ತ, ದನಿಯಲ್ಲಿ ಸಿಟ್ಟೂ ಇಲ್ಲದೆ, ಸಡಗರವೂ ಇಲ್ಲದೆ. ಅವನು ಪ್ರತಿ ಸಲವೂ ಕತ್ತು ಚಾಚಿದ. ಪ್ರತಿ ಸಲವೂ ಹೆಸರು ಮಾತ್ರ ಅವನ ಕೈಗೆ ಬಂತು. ಗಿಡ ಹಿಂದೆ, ಧೂಳಿನಲ್ಲಿ, ಉಳಿದುಹೋಯಿತು.